ದಿಮ್ಮಿ ಯಾವ ಊರಲ್ಲಿ ಹಲಗೆಯಾಯ್ತು?

ಯುರೋಪಿನ ದೇಶಗಳು ಒಂದಕ್ಕೊಂದು ಓಕ್, ಬೀಚ್ ಮರ ಮಾರಿಕೊಂಡು ಬಂದ ಲೆಕ್ಕವನ್ನೆಲ್ಲ ಒಂದೇ ಕೋಷ್ಟಕಕ್ಕೆ ತರಬೇಕು ಅಂತ ಕೂತು ಬಹಳ ದಿನ ಆಯ್ತು. ಶುರುವಿನಲ್ಲಿ ಸುಲಭ ಅನ್ನಿಸಿತ್ತು. ಒಂದು ಕಡೆ ದೇಶ, ಇನ್ನೊಂದು ಕಡೆ ವರ್ಷ, ನಡುವೆ ಎಷ್ಟು ಘನ ಮೀಟರ್ ಅಂತ ತುಂಬಿಸಿಕೊಂಡು ಹೋದರೆ ಮುಗೀತಲ್ವಾ? ಮುಗಿಯಲಿಲ್ಲ. ಒಂದು ಘನ ಮೀಟರ್ ದಿಮ್ಮಿ, ಒಂದು ಘನ ಮೀಟರ್ ಕೊಯ್ದ ಹಲಗೆ, ಒಂದು ಘನ ಮೀಟರ್ ಪೀಪಾಯಿ ಪಟ್ಟಿ (ಪೀಪಾಯಿ ಕಟ್ಟಲು ಸೀಳಿದ ಮರದ ತುಂಡು), ಈ ಮೂರೂ ಒಂದೇ ಕಾಡಿನಿಂದ ಬಂದರೂ ಒಂದೇ ಸರಕಲ್ಲ. ದಿಮ್ಮಿ ಮಾರಿದ ಊರಿಗೆ ಕಡಿದ ಕೂಲಿ ಉಳಿಯುತ್ತದೆ. ಪೀಪಾಯಿ ಮಾರಿದ ಊರಿಗೆ ಒಂದು ಕಸುಬೇ ಉಳಿಯುತ್ತದೆ. ಹಾಗಾಗಿ ಯಾರು ಎಷ್ಟು ಮರ ಮಾರಿದರು ಅನ್ನೋದಕ್ಕಿಂತ, ಗಡಿ ದಾಟುವಾಗ ಆ ಮರ ಯಾವ ರೂಪದಲ್ಲಿತ್ತು ಅಂತ ಕೇಳೋದೇ ಸರಿ ಅಂತ ನನಗೀಗ ಗಟ್ಟಿಯಾಗಿ ಅನ್ನಿಸಿದೆ.

ಮೊದಲು ಒಂದು ಮಾತು. ವ್ಯಾಪಾರದಲ್ಲಿ ಹಾರ್ಡ್‌ವುಡ್ ಅಂದರೆ ಅಗಲ ಎಲೆಯ ಮರ, ಸಾಫ್ಟ್‌ವುಡ್ ಅಂದರೆ ಪೈನ್, ಸ್ಪ್ರೂಸ್ ಥರದ ಸೂಜಿ ಎಲೆಯ ಮರ. ಗಟ್ಟಿತನಕ್ಕೂ ಈ ಹೆಸರಿಗೂ ನೇರ ಸಂಬಂಧ ಇಲ್ಲ. ಉಗುರಲ್ಲಿ ಗೀರಿದರೂ ಗುರುತು ಬೀಳುವ ಬಾಲ್ಸಾ ಕೂಡ ಲೆಕ್ಕದಲ್ಲಿ ಹಾರ್ಡ್‌ವುಡ್ಡೇ. ಯುರೋಪಿನ ಮಟ್ಟಿಗೆ ಓಕ್, ಬೀಚ್, ಬರ್ಚ್, ಆಶ್ ಇದರಲ್ಲಿ ಮುಖ್ಯ. ಒಟ್ಟು ಪ್ರಮಾಣ ನೋಡಿದರೆ ಸಾಫ್ಟ್‌ವುಡ್ ವ್ಯಾಪಾರವೇ ದೊಡ್ಡದು. ಆದರೆ ಒಂದೊಂದು ಮರಕ್ಕೂ ಬೆಲೆ, ಜಗಳ, ಕಾನೂನು ಇರೋದು ಓಕ್‌ನಲ್ಲಿ.

ಓಕ್ ಎಷ್ಟು ಹಿಂದಿನಿಂದ ದೂರದೂರಕ್ಕೆ ಹೋಗುತ್ತಿದೆ ಅನ್ನೋದಕ್ಕೆ ಎರಡು ಉದಾಹರಣೆ ಸಾಕು. ರೋಮ್ ನಗರದಲ್ಲಿ ಮೆಟ್ರೋ ಕೆಲಸಕ್ಕೆ ಅಗೆಯುವಾಗ ನೆಲದಡಿ 24 ಓಕ್ ಹಲಗೆಗಳು ಸಿಕ್ಕವು. ಕ್ರಿಸ್ತಶಕ ಮೊದಲನೇ ಶತಮಾನದವು. ಮರದಲ್ಲಿ ವರ್ಷಕ್ಕೊಂದರಂತೆ ಬೆಳೆಯುವ ಉಂಗುರಗಳನ್ನು ಹೋಲಿಸಿ ನೋಡಿದಾಗ ಮರ ಬೆಳೆದದ್ದು ಈಗಿನ ಫ್ರಾನ್ಸಿನ ಪೂರ್ವದ ಜೂರಾ ಬೆಟ್ಟಗಳ ಕಡೆ ಅಂತ ತಿಳಿಯಿತು. 2019ರಲ್ಲಿ ಈ ಅಧ್ಯಯನ ಹೊರಬಂತು. ನದಿ, ಸಮುದ್ರ, ಮತ್ತೆ ನದಿ ಅಂತ 1,700 ಕಿಲೋಮೀಟರಿಗೂ ಜಾಸ್ತಿ ದೂರ ಆ ಹಲಗೆಗಳು ಬಂದಿದ್ದವು. ಇನ್ನೊಂದು, ಡೆನ್ಮಾರ್ಕಿನ ರೋಸ್ಕಿಲ್ಡೆ ಕೊಲ್ಲಿಯಲ್ಲಿ ಸಿಕ್ಕ ವೈಕಿಂಗ್ ಯುದ್ಧದ ಹಡಗು, ಸ್ಕುಲ್ಡೆಲೆವ್ 2. ಅದರ ಓಕ್ ಬೆಳೆದದ್ದು ಐರ್ಲೆಂಡಿನ ಡಬ್ಲಿನ್ ಹತ್ತಿರ, ಕಡಿದದ್ದು 1042ರಲ್ಲಿ. ಮರದ ಒಳಗೇ ಅದರ ವಿಳಾಸ ಬರೆದಿರುತ್ತದೆ. ಓದಲು ಬರಬೇಕು ಅಷ್ಟೇ.

ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ಬಾಲ್ಟಿಕ್ ಓಕ್ ಜೊತೆ, ಅಂದರೆ ಬಾಲ್ಟಿಕ್ ಸಮುದ್ರದ ಸೀಮೆಯಿಂದ ಬಂದ ಓಕ್. 15, 16ನೇ ಶತಮಾನದ ಫ್ಲಾಂಡರ್ಸ್, ಹಾಲೆಂಡಿನ ಚಿತ್ರಕಾರರು ಕ್ಯಾನ್ವಾಸಿಗಿಂತ ಮೊದಲು ಹಲಗೆಯ ಮೇಲೆ ಬರೆಯುತ್ತಿದ್ದರು. ಅಂಥ ಚಿತ್ರದ ಹಿಂಬದಿ ನೋಡಿದರೆ ಬಣ್ಣ ಇರುವುದಿಲ್ಲ, ಬರೀ ಮರ. ಎರಡೋ ಮೂರೋ ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಿ ಅಂಟಿಸಿರುತ್ತಾರೆ. ಒಂದೊಂದರ ಅಗಲ ಸಾಮಾನ್ಯವಾಗಿ 25ರಿಂದ 29 ಸೆಂಟಿಮೀಟರ್. ಚೌಕಟ್ಟಿಗೆ ಕೂರಲಿ ಅಂತ ಅಂಚನ್ನು ಓರೆಯಾಗಿ ತೆಳ್ಳಗೆ ಕೆತ್ತಿರುತ್ತಾರೆ. ಮೇಲ್ಮೈ ಮೇಲೆ ಅಡ್ಡಡ್ಡ ಹೊಳೆಯುವ ಮಚ್ಚೆಗಳು ಕಾಣುತ್ತವೆ. ಮರದ ನಡುವಿನಿಂದ ತೊಗಟೆಯ ಕಡೆಗೆ ಗೆರೆಯಂತೆ ಹೋಗುವ ಅಂಗಾಂಶ ಇದು, ದಿಮ್ಮಿಯನ್ನು ಕೇಂದ್ರದಿಂದ ಹೊರಕ್ಕೆ ಸೀಳಿದಾಗ ಮಾತ್ರ ಹೀಗೆ ಕಾಣೋದು. ಹಾಗೆ ಸೀಳಿದ ಹಲಗೆ ಡೊಂಕಾಗುವುದು ಕಮ್ಮಿ. ಅಂಚಿನ ಉಂಗುರಗಳಂತೂ ಎಷ್ಟು ಒತ್ತಾಗಿವೆ ಅಂದರೆ ಎಣಿಸಲು ಭೂತಗನ್ನಡಿ ಬೇಕು. ಚಳಿ ಸೀಮೆಯ ದಟ್ಟ ಕಾಡಲ್ಲಿ ನಿಧಾನವಾಗಿ ಬೆಳೆದ ಮರದ ಗುರುತು ಅದು.

ಇದರ ಹಿಂದೆ ಒಂದು ಒಳ್ಳೆಯ ಪತ್ತೇದಾರಿ ಕಥೆಯೇ ಇದೆ. 1960, 70ರ ದಶಕಗಳಲ್ಲಿ ಉಂಗುರ ಲೆಕ್ಕ ಮಾಡುವವರು ಈ ಚಿತ್ರಗಳ ಹಲಗೆಗಳನ್ನು ಅಳೆದಾಗ ಅವು ಹಾಲೆಂಡಿನ ಮರಕ್ಕೂ ಹೊಂದಲಿಲ್ಲ, ಇಂಗ್ಲೆಂಡಿನ ಮರಕ್ಕೂ ಹೊಂದಲಿಲ್ಲ. ತಮ್ಮತಮ್ಮಲ್ಲೇ ಮಾತ್ರ ಹೊಂದುತ್ತಿದ್ದವು. ಹತ್ತಿರದಲ್ಲೇ ಎಲ್ಲೋ ಬೇರೆ ಥರದ ನೆಲದಲ್ಲಿ ಬೆಳೆದ ಓಕ್ ಇರಬೇಕು ಅಂತ ಊಹೆ ಮಾಡಿದರು. 1980ರ ದಶಕದಲ್ಲಿ ಪೋಲೆಂಡಿನ ಗ್ಡಾನ್ಸ್ಕ್ ಸುತ್ತಿನ ಓಕ್ ಉಂಗುರಗಳ ಸರಣಿ ಸಿದ್ಧವಾದಾಗ ಎಲ್ಲ ಹೊಂದಿಕೊಂಡವು. ಅಂದರೆ ಆ ಚಿತ್ರಗಳು ನಿಂತಿದ್ದದ್ದು ಪೋಲೆಂಡಿನ ವಿಸ್ತುಲಾ ನದಿಯ ಸೀಮೆ, ಅದರ ಆಚೆಯ ಬಾಲ್ಟಿಕ್ ಸೀಮೆಯ ಕಾಡುಗಳಿಂದ ಬಂದ ಮರದ ಮೇಲೆ.

ಹೇಗೆ ಬಂತು? ಹಸಿ ಓಕ್ ತುಂಬಾ ಭಾರ. ನೀರಿಗೆ ಬಿಟ್ಟರೆ ಮುಳುಗುವ ಹಾಗೇ ತೇಲುತ್ತದೆ, ಕೆಲವೊಮ್ಮೆ ಮುಳುಗಿಯೇ ಹೋಗುತ್ತದೆ. ಅದಕ್ಕೇ ಪೈನ್ ದಿಮ್ಮಿಗಳ ಜೊತೆ ಕಟ್ಟಿ ತೆಪ್ಪ ಮಾಡಿ ನದಿಯಲ್ಲಿ ಬಿಡುತ್ತಿದ್ದರು. ಇನ್ನು ಹಡಗಿಗೆ ಹಾಕುವಾಗ ಜಾಗಕ್ಕೆ ದುಡ್ಡು. ಬೇಡದ ಭಾಗವನ್ನು ಅಷ್ಟು ದೂರ ಹೊತ್ತೊಯ್ಯುವುದರಲ್ಲಿ ಅರ್ಥ ಇಲ್ಲ. ಹಾಗಾಗಿ ನೇರವಾಗಿ ಬೆಳೆದ, ಗಂಟಿಲ್ಲದ ಮರ ಆರಿಸಿ, ಕೊಡಲಿ, ಬೆಣೆ ಹಿಡಿದು ಸೀಳಿ, ಹಲಗೆ ಮಾಡಿಯೇ ಕಳಿಸುತ್ತಿದ್ದರು. ಇದಕ್ಕೆ ವೇನ್‌ಸ್ಕಾಟ್ ಅನ್ನೋ ಹೆಸರು. ಇದಕ್ಕಿಂತ ಚಿಕ್ಕ ಸೀಳುಗಳು ಪೀಪಾಯಿಗೆ ಹೋಗುತ್ತಿದ್ದವು. ಅಂದರೆ 500 ವರ್ಷದ ಹಿಂದೆ ಪೂರ್ವದ ಕಾಡಿನವರು ಮಾರುತ್ತಿದ್ದದ್ದು ಬರೀ ದಿಮ್ಮಿ ಅಲ್ಲ, ಆಯ್ದು ಸೀಳಿದ ಮಾಲು. ಪೂರ್ವ ಅಂದರೆ ಕಚ್ಚಾ ಸರಕು, ಪಶ್ಚಿಮ ಅಂದರೆ ಕಸುಬು ಅಂತ ನಾನೂ ಅಂದುಕೊಂಡಿದ್ದೆ. ಆ ಎಣಿಕೆ ಇಲ್ಲೇ ಸಡಿಲವಾಯಿತು.

ಈ ಕಾಲದ ಲೆಕ್ಕ ಸಿಗೋದು ಡೆನ್ಮಾರ್ಕಿನ ಹೆಲ್ಸಿಂಗೋರ್‌ನಲ್ಲಿ. ಬಾಲ್ಟಿಕ್ ಸಮುದ್ರದ ಕಿರಿದಾದ ಬಾಯಿಯಲ್ಲಿ ಹಾದುಹೋಗುವ ಹಡಗುಗಳಿಂದ ಡೆನ್ಮಾರ್ಕಿನ ರಾಜ ಸುಂಕ ವಸೂಲಿ ಮಾಡುತ್ತಿದ್ದ. ಉಳಿದಿರುವ ಪುಸ್ತಕಗಳಲ್ಲಿ ಹಳೆಯದು 1497ರದ್ದು, ವಸೂಲಿ ನಿಂತದ್ದು 1857ರಲ್ಲಿ. ಸುಮಾರು 18 ಲಕ್ಷ ಹಡಗು ಪ್ರಯಾಣಗಳ ನಮೂದು ಈಗ ಆನ್‌ಲೈನ್‌ನಲ್ಲೇ ನೋಡಬಹುದು. ನನ್ನಂಥವರಿಗೆ ಅದು ಚಿನ್ನದ ಗಣಿ. ಆದರೆ ಎಣಿಕೆಯೇ ಬೇರೆ. ಒಂದು ಶಾಕ್ ಅಂದರೆ 60 ತುಂಡು. ಮರದ ವ್ಯಾಪಾರದಲ್ಲಿ ನೂರು ಅಂದರೆ ಎಷ್ಟೋ ಕಡೆ 120. ಹಲಗೆಯ ಉದ್ದ, ದಪ್ಪ ಬಂದರಿನಿಂದ ಬಂದರಿಗೆ ಬೇರೆ. ಇದನ್ನು ಸುಮ್ನೆ ಘನ ಮೀಟರಿಗೆ ಬದಲಾಯಿಸಿ ಇವತ್ತಿನ ಅಂಕಿಯ ಪಕ್ಕ ಇಟ್ಟರೆ ಅದು ಹೋಲಿಕೆ ಆಗಲ್ಲ. ನಾನು ಎರಡು ವಾರ ಹಾಗೆ ಮಾಡಿ ಕೊನೆಗೆ ಅಳಿಸಿದೆ. ಒಂದು ಬಂದರು, ಒಂದು ಮಾಲು, ವರ್ಷದಿಂದ ವರ್ಷಕ್ಕೆ ಏರಿತೋ ಇಳಿಯಿತೋ, ಇಷ್ಟಕ್ಕೆ ನಿಂತರೆ ಆ ಪುಸ್ತಕಗಳನ್ನು ಧೈರ್ಯವಾಗಿ ನಂಬಬಹುದು.

17ನೇ ಶತಮಾನದ ಮಧ್ಯಕ್ಕೆ ಈ ಧಾರೆ ಬತ್ತಿತು. ಒಳ್ಳೆಯ ಮರ ಕಡಿದು ಖಾಲಿಯಾಗುತ್ತಾ ಬಂದಿತ್ತು. ಅದರ ಮೇಲೆ 1655ರಿಂದ 1660ರವರೆಗೆ ಸ್ವೀಡನ್ ಮತ್ತು ಪೋಲೆಂಡ್ ನಡುವೆ ಯುದ್ಧ. ಸುಮಾರು 1650ರ ನಂತರದ ಚಿತ್ರಗಳ ಹಲಗೆಯಲ್ಲಿ ಬಾಲ್ಟಿಕ್ ಓಕ್ ಕಾಣೆಯಾಗುತ್ತದೆ. ಯುದ್ಧದ ಹೊಡೆತ ಚಿತ್ರದ ಹಿಂಬದಿಯಲ್ಲಿ ಹೀಗೆ ಉಳಿದಿರೋದು ನೋಡಿದರೆ ಮನಸ್ಸು ತಟ್ಟುತ್ತದೆ.

ಅಷ್ಟರಲ್ಲಿ ಕೊಯ್ಯುವ ಜಾಗವೇ ಬದಲಾಗಿತ್ತು. ಹಾಲೆಂಡಿನ ಕಾರ್ನೆಲಿಸ್ ಕಾರ್ನೆಲಿಸ್‌ಜೂನ್ ಗಾಳಿಯಿಂದ ಓಡುವ ಗರಗಸದ ಗಿರಣಿಗೆ 1593ರಲ್ಲಿ ಪೇಟೆಂಟ್ ಪಡೆದ. ಗಾಳಿಯಂತ್ರ ಸುತ್ತುವುದನ್ನು ಗರಗಸದ ಮೇಲೆಕೆಳಗೆ ಚಲನೆಗೆ ತಿರುಗಿಸುವ ಬಾಗಿದ ಅಚ್ಚು ಅವನ ಕೈಚಳಕ. ಆಮ್‌ಸ್ಟರ್‌ಡ್ಯಾಮಿನ ಗರಗಸದವರ ಸಂಘ ಇದಕ್ಕೆ ಅಡ್ಡ ನಿಂತಿತು. ಗಿರಣಿಗಳು ಪಕ್ಕದ ಜಾನ್ ನದಿಯ ಕಡೆಗೆ ಹೋದವು. ಅಲ್ಲಿ ನೂರಾರು ಗಿರಣಿ ಎದ್ದವು. ಆಮೇಲೆ ಹಾಲೆಂಡಿಗೆ ಬೇಕಾದ್ದು ಸೀಳಿದ ಹಲಗೆಗಿಂತ ಇಡೀ ದಿಮ್ಮಿ. ಜರ್ಮನಿಯ ಕಪ್ಪು ಕಾಡಿನಿಂದ, ಅದರ ಸುತ್ತಲಿಂದ ರೈನ್ ನದಿಯಲ್ಲಿ ತೆಪ್ಪಗಳು ಇಳಿದವು. ಉಪನದಿಗಳಲ್ಲಿ ಸಣ್ಣ ತೆಪ್ಪ, ರೈನ್‌ಗೆ ಬಂದ ಮೇಲೆ ಎಲ್ಲ ಕೂಡಿಸಿ ಒಂದೇ ದೊಡ್ಡದು. 300 ಮೀಟರ್ ಉದ್ದ, ಮೇಲೆ ಗುಡಿಸಲುಗಳು, ಅಡುಗೆಮನೆ, ಹುಟ್ಟು ಹಾಕಲು 400, 500 ಜನ. ಡಾರ್ಡ್ರೆಕ್ಟ್ ತಲುಪಿದ ಮೇಲೆ ಬಿಚ್ಚಿ ಮಾರಾಟ. ಒಳ್ಳೆಯ ದೊಡ್ಡ ಮರಕ್ಕೆ ಜರ್ಮನ್ ಕಾಡಿನವರು ‘ಹಾಲೆಂಡರ್’ ಅಂತಲೇ ಹೆಸರಿಟ್ಟಿದ್ದರು. ಬೆಳೆದದ್ದು ನಮ್ಮಲ್ಲೇ ಆದರೂ ಹೋಗೋದು ಅವರಿಗೆ ಅಂತ ಮರ ನಿಂತಿರುವಾಗಲೇ ಗೊತ್ತಿತ್ತು!

ಇದರ ಪಕ್ಕದಲ್ಲೇ ಇಂಗ್ಲೆಂಡನ್ನು ಇಟ್ಟು ನೋಡಿ. ಅಲ್ಲಿ ಬಹುಕಾಲ ಕೈಗರಗಸವೇ. ಒಬ್ಬ ಗುಂಡಿಯೊಳಗೆ, ಒಬ್ಬ ಮೇಲೆ. ಚಾರ್ಲ್ಸ್ ಡಿಂಗ್ಲಿ ಅನ್ನುವ ವ್ಯಾಪಾರಿ ಲಂಡನ್ನಿನ ಲೈಮ್‌ಹೌಸ್‌ನಲ್ಲಿ ಗಾಳಿ ಗಿರಣಿ ಹಾಕಿದ. 1768ರ ಮೇ ತಿಂಗಳಲ್ಲಿ ಗರಗಸದವರ ಗುಂಪು ನುಗ್ಗಿ ಅದನ್ನು ಒಡೆದುಹಾಕಿತು. ಅವರ ಹೊಟ್ಟೆಪಾಡಿನ ಭಯ ನನಗೆ ಅರ್ಥವಾಗುತ್ತದೆ. ಆದರೆ ಹಾಲೆಂಡಿನಲ್ಲಿ ಗಾಳಿ ಗಿರಣಿ ಬಂದು ಆಗಲೇ 170 ವರ್ಷ ದಾಟಿತ್ತು. ಒಂದೇ ಸಮುದ್ರದ ಎರಡು ದಂಡೆ, ಕೊಯ್ಯುವ ಬಗೆಯಲ್ಲಿ ಇಷ್ಟು ಅಂತರ.

ಫ್ರಾನ್ಸ್ ಬೇರೆ ದಾರಿ ಹಿಡಿಯಿತು. 14ನೇ ಲೂಯಿಯ ಮಂತ್ರಿ ಕೋಲ್ಬೇರ್ 1669ರಲ್ಲಿ ಕಾಡು ಮತ್ತು ನೀರಿನ ಬಗ್ಗೆ ದೊಡ್ಡ ಕಾನೂನು ತಂದ. ನೌಕಾಪಡೆಗೆ ಓಕ್ ಬೇಕು ಅನ್ನೋದೇ ಅದರ ಹಿಂದಿನ ದೊಡ್ಡ ಚಿಂತೆ. ದೇಶದ ನಡುವೆ ಇರುವ ಟ್ರಾನ್ಸೇ ಕಾಡು, ಈಗ ಸುಮಾರು 10,600 ಹೆಕ್ಟೇರ್, ಆ ಕಾಲದ ಆರೈಕೆಯ ಫಲ. 200 ವರ್ಷಕ್ಕೂ ಜಾಸ್ತಿ ಕಾದು ಕಡಿಯುವ ಪದ್ಧತಿ. ವೆನಿಸ್ ಇನ್ನೂ ಮೊದಲೇ, 1471ರಲ್ಲಿ, ಮಾಂಟೆಲ್ಲೋ ಬೆಟ್ಟದ ಓಕ್ ತನ್ನ ಹಡಗುಕಟ್ಟೆಗೇ ಮೀಸಲು ಅಂದಿತ್ತು. ಹುಟ್ಟು ಮಾಡಲು ಬೀಚ್ ಬೇಕಲ್ಲ, ಅದಕ್ಕೆ ಕಾನ್ಸೀಲಿಯೋ ಕಾಡನ್ನು ಕಾಯ್ದಿರಿಸಿತ್ತು. ಸ್ವೀಡನ್ 1830ರ ದಶಕದಲ್ಲಿ ವೆಟ್ಟರ್ನ್ ಸರೋವರದ ವಿಸಿಂಗ್ಸೋ ದ್ವೀಪದಲ್ಲಿ ನೌಕಾಪಡೆಗಾಗಿ ಸುಮಾರು 3 ಲಕ್ಷ ಓಕ್ ನೆಡಲು ಶುರು ಮಾಡಿತು. ಆ ಮರ ಬಲಿಯುವಷ್ಟರಲ್ಲಿ ಹಡಗುಗಳು ಉಕ್ಕಿನವಾಗಿದ್ದವು. ಟ್ರಾನ್ಸೇ ಕಥೆಯೂ ಅಷ್ಟೇ. ಹಡಗಿಗೆ ಅಂತ ಬೆಳೆಸಿದ ಕಾಡು ಈಗ ವೈನ್ ಪೀಪಾಯಿಗೆ ಮರ ಕೊಡುತ್ತಿದೆ. ಓಕ್ ವ್ಯಾಪಾರದಲ್ಲಿ ನೆಡುವವನು, ಕಡಿಯುವವನು, ಕೊಳ್ಳುವವನು ಮೂರೂ ಬೇರೆ ಕಾಲದವರು. ಬೇರೆ ಯಾವ ಸರಕಿನ ಅಂಕಿಗಳಲ್ಲೂ ನಾನು ಇಂಥದ್ದು ಕಂಡಿಲ್ಲ.

ಇನ್ನು ಬೀಚ್. ಇದನ್ನು ಯಾರೂ ದೊಡ್ಡ ಮರ ಅಂತ ಲೆಕ್ಕಕ್ಕೆ ಹಿಡಿದಿರಲಿಲ್ಲ. ಹೊರಗಿಟ್ಟರೆ ಬೇಗ ಕೊಳೆಯುತ್ತದೆ, ತೇವ ಕುಡಿದು ಹಿಗ್ಗುತ್ತದೆ. ಬೇಸಿಗೆಯಲ್ಲಿ ದಿಮ್ಮಿ ಬಿದ್ದಿದ್ದರೆ ಒಳಗೆ ಕಲೆ ಕಟ್ಟುತ್ತದೆ. ಹೆಚ್ಚಿನದು ಸೌದೆಗೆ, ಇದ್ದಿಲಿಗೆ ಹೋಗುತ್ತಿತ್ತು. ಅದನ್ನು ಬದಲಾಯಿಸಿದವನು ಮೈಕೆಲ್ ಥೋನೆಟ್. ರೈನ್ ದಂಡೆಯ ಬೊಪ್ಪಾರ್ಡ್ ಊರಿನವನು, 1842ರಲ್ಲಿ ವಿಯೆನ್ನಾಕ್ಕೆ ಹೋದ. 1850ರ ದಶಕದಲ್ಲಿ, ಈಗ ಚೆಕ್ ದೇಶದಲ್ಲಿರುವ ಮೊರಾವಿಯಾದ ಕೊರಿಚಾನಿಯಲ್ಲಿ ಕಾರ್ಖಾನೆ ತೆರೆದ. ಯಾಕೆ ಅಲ್ಲಿ ಅಂದರೆ, ಸುತ್ತ ಬೀಚ್ ಕಾಡು. ಹಬೆಯಲ್ಲಿ ಬೇಯಿಸಿದ ಬೀಚ್ ಕೋಲನ್ನು ಬಗ್ಗಿಸುವಾಗ ಹೊರಮೈಗೆ ಒಂದು ಕಬ್ಬಿಣದ ಪಟ್ಟಿ ಬಿಗಿಯುತ್ತಿದ್ದರು. ಪಟ್ಟಿ ಇಲ್ಲದಿದ್ದರೆ ಹೊರಮೈ ಎಳೆದು ಸಿಡಿಯುತ್ತದೆ. ಪಟ್ಟಿ ಇದ್ದಾಗ ಹೊರಮೈ ಹಿಗ್ಗುವುದಿಲ್ಲ, ಒಳಮೈ ಕುಗ್ಗುತ್ತದೆ, ಮರ ಮುರಿಯದೆ ಬಾಗುತ್ತದೆ. ಇಷ್ಟೇ ಗುಟ್ಟು.

1859ರ ಅವನ 14ನೇ ನಂಬರಿನ ಕುರ್ಚಿಯಲ್ಲಿ ಮರದ ತುಂಡು ಆರೇ ಆರು, ಹತ್ತು ಸ್ಕ್ರೂ, ಎರಡು ನಟ್. ಬಿಚ್ಚಿಟ್ಟರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ. 1930ರ ಹೊತ್ತಿಗೆ 5 ಕೋಟಿ ಮಾರಾಟವಾಗಿತ್ತು. ನಾನು ಮೇಲೆ ಹೇಳಿದ ಘನ ಮೀಟರನ್ನು ಇಲ್ಲಿ ನೆನಪಿಸಿಕೊಳ್ಳಿ. ಒಂದು ಘನ ಮೀಟರ್ ಬೀಚ್ ದಿಮ್ಮಿ ಒಂದು ಕಡೆ, ಅದೇ ಜಾಗ ಹಿಡಿಯುವ 36 ಕುರ್ಚಿ ಇನ್ನೊಂದು ಕಡೆ. ಕಾಡಿನ ಪಕ್ಕದ ಊರಿನ ಗಂಡಸರಿಗೆ ಬಗ್ಗಿಸುವ ಕೆಲಸ, ಹೆಂಗಸರಿಗೆ ಬೆತ್ತ ಹೆಣೆಯುವ, ಉಜ್ಜುವ ಕೆಲಸ. ಮರ ಊರು ಬಿಡುವ ಮುಂಚೆ ಅದರ ಬೆಲೆಯೆಲ್ಲ ಊರಲ್ಲೇ ಹುಟ್ಟಿತು. 1869ರಲ್ಲಿ ಥೋನೆಟ್‌ನ ಪೇಟೆಂಟ್ ಅವಧಿ ಮುಗಿದ ಮೇಲೆ ಬೇರೆಯವರೂ ಇದೇ ಕೆಲಸಕ್ಕೆ ಇಳಿದರು, ಮಧ್ಯ ಯುರೋಪಿನ ಬೀಚ್ ಕಾಡಿನ ಉದ್ದಕ್ಕೂ ಕುರ್ಚಿ ಕಾರ್ಖಾನೆಗಳು ಹಬ್ಬಿದವು.

ವಿಯೆನ್ನಾ, ಮೊರಾವಿಯಾ ಎರಡೂ ಸೇರಿದ್ದ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಇನ್ನೊಂದು ಮೂಲೆ, ಈಗಿನ ಕ್ರೊಯೇಷಿಯಾದ ಸ್ಲಾವೋನಿಯಾ. 19ನೇ ಶತಮಾನದಲ್ಲಿ ಅಲ್ಲಿನ ಓಕ್ ಸೀಳಿ ಪೀಪಾಯಿ ಪಟ್ಟಿ ಮಾಡಿ ರಿಯೇಕಾ ಬಂದರಿನಿಂದ ಫ್ರಾನ್ಸಿಗೆ ಕಳಿಸುತ್ತಿದ್ದರು. ಅರ್ಧ ಕೆಲಸ ಅಲ್ಲಿ, ಅರ್ಧ ಕೆಲಸ ಫ್ರಾನ್ಸಿನಲ್ಲಿ. ಇವತ್ತಿಗೂ ಇಟಲಿಯ ಬರೋಲೋ ವೈನ್ ಮಾಡುವವರ ದೊಡ್ಡ ಪೀಪಾಯಿಗಳಿಗೆ ಸ್ಲಾವೋನಿಯಾದ ಓಕ್ ಅಂದರೆ ತುಂಬಾ ಗೌರವ. ಅಲ್ಲಿನ ಸ್ಪಾಚ್ವಾ ಕಾಡು ಸುಮಾರು 40,000 ಹೆಕ್ಟೇರ್.

20ನೇ ಶತಮಾನಕ್ಕೆ ಬಂದರೆ ಅಂಕಿ ಬೇಕಾದಷ್ಟು, ಆದರೆ ದೇಶಗಳೇ ನಿಲ್ಲುವುದಿಲ್ಲ. ಆಸ್ಟ್ರಿಯಾ-ಹಂಗೇರಿ ಒಡೆದಾಗ, ನಿನ್ನೆವರೆಗೆ ಒಂದೇ ದೇಶದೊಳಗೆ ಓಡಾಡುತ್ತಿದ್ದ ಬೀಚ್ ದಿಮ್ಮಿ ಇದ್ದಕ್ಕಿದ್ದಂತೆ ರಫ್ತು ಅನ್ನಿಸಿಕೊಂಡಿತು. ಯುಗೊಸ್ಲಾವಿಯಾ ಒಡೆದಾಗಲೂ ಹಾಗೇ. ವ್ಯಾಪಾರ ಬೆಳೆಯದೆಯೇ ಅಂಕಿ ಬೆಳೆಯುತ್ತದೆ. 1988ರಲ್ಲಿ ಎಲ್ಲ ದೇಶಗಳಿಗೂ ಒಂದೇ ಸರಕು ಸಂಕೇತ ಬಂತು, ದಿಮ್ಮಿಗೆ 4403, ಕೊಯ್ದ ಹಲಗೆಗೆ 4407. ಹೋಲಿಸುವವರಿಗೆ ದೊಡ್ಡ ಉಪಕಾರ. ಆದರೆ 1993ರಲ್ಲಿ ಯುರೋಪಿನ ಒಕ್ಕೂಟದ ಒಳಗಡಿಗಳ ಕಸ್ಟಮ್ಸ್ ತೆಗೆದರು, ಕಂಪನಿಗಳು ತಾವೇ ಕೊಡುವ ವರದಿ ಮೇಲೆ ಲೆಕ್ಕ ನಡೆಯಿತು. ಸಣ್ಣ ವ್ಯಾಪಾರಿಗಳಿಗೆ ವಿನಾಯಿತಿ. ಓಕ್ ಕೊಯ್ಯುವವರಲ್ಲಿ ಸಣ್ಣವರೇ ಜಾಸ್ತಿ. ಹಾಗಾಗಿ ಮಾರಿದವನು ಹೇಳಿದ ಅಂಕಿಗೂ ಕೊಂಡವನು ಹೇಳಿದ ಅಂಕಿಗೂ ಹೊಂದದ ಜಾಗಗಳು ಬರುತ್ತವೆ. ನೀವೂ ಇಂಥ ಕೋಷ್ಟಕ ಮಾಡುವವರಿದ್ದರೆ ಎರಡೂ ಕಡೆಯ ಅಂಕಿ ಅಕ್ಕಪಕ್ಕ ಇಟ್ಟುಕೊಂಡೇ ನೋಡಿ.

ಈಗಿನ ಜಗಳಗಳಿಗೆ ಬರೋಣ. ಚೀನಾ ತನ್ನ ನೈಸರ್ಗಿಕ ಕಾಡುಗಳಲ್ಲಿ ವ್ಯಾಪಾರಕ್ಕಾಗಿ ಮರ ಕಡಿಯುವುದನ್ನು ಹಂತಹಂತವಾಗಿ ನಿಲ್ಲಿಸಿ 2017ರಲ್ಲಿ ಇಡೀ ದೇಶಕ್ಕೆ ಅನ್ವಯಿಸಿತು. ಅಲ್ಲಿನ ಕಾರ್ಖಾನೆಗಳು ಯುರೋಪಿನ ಓಕ್ ದಿಮ್ಮಿಗೆ ಕೈ ಹಾಕಿದವು. ಫ್ರಾನ್ಸಿನ ಸಾಮಿಲ್‌ನವರಿಗೆ ತಮ್ಮ ಕಾಡಿನ ಮರವೇ ಸಿಗುವುದು ಕಷ್ಟವಾಯಿತು. 2015ರಿಂದ ಫ್ರಾನ್ಸಿನ ಸರ್ಕಾರಿ ಕಾಡುಗಳ ಓಕ್ ಹರಾಜಿನಲ್ಲಿ, ಮರವನ್ನು ಒಕ್ಕೂಟದ ಒಳಗೇ ಕೊಯ್ಯುತ್ತೇವೆ ಅಂತ ಒಪ್ಪಿಕೊಂಡವರಿಗೆ ಆದ್ಯತೆ ಕೊಡುವ ವ್ಯವಸ್ಥೆ ಬಂತು. ಖಾಸಗಿ ಕಾಡಿಗೆ ಆ ಕಟ್ಟು ಇಲ್ಲ. ಫ್ರಾನ್ಸಿನ ಕಾಡಿನಲ್ಲಿ ಮುಕ್ಕಾಲು ಪಾಲು ಖಾಸಗಿಯವರದ್ದು.

ಕ್ರೊಯೇಷಿಯಾ 2017ರಲ್ಲಿ ಹಸಿ ಓಕ್ ದಿಮ್ಮಿಯ ರಫ್ತನ್ನೇ ತಾತ್ಕಾಲಿಕವಾಗಿ ನಿಲ್ಲಿಸಿತು. ಕೊಟ್ಟ ಕಾರಣ, ಓಕ್ ಎಲೆಗೆ ಬೀಳುವ ಒಂದು ತಿಗಣೆ ಜಾತಿಯ ಕೀಟ. ತೇವ ಶೇಕಡಾ 20ಕ್ಕಿಂತ ಜಾಸ್ತಿ ಇರುವ ಮರ ಹೊರಹೋಗುವಂತಿಲ್ಲ ಅಂದರು. ಒಕ್ಕೂಟದ ಒಳಗೆ ರಫ್ತು ತಡೆಯಲು ಒಪ್ಪಂದದ 35ನೇ ವಿಧಿ ಬಿಡುವುದಿಲ್ಲ, ಗಿಡಮರಗಳ ಆರೋಗ್ಯದ ಕಾರಣ ಇದ್ದರೆ 36ನೇ ವಿಧಿ ಬಿಡುತ್ತದೆ. ಇಟಲಿಯ ಕೊಳ್ಳುವವರು ಸಿಟ್ಟಾದರು. ಉಕ್ರೇನ್ 2015ರ ನವೆಂಬರಿನಿಂದ ದಿಮ್ಮಿ ರಫ್ತು ನಿಲ್ಲಿಸಿತ್ತು, 2017ರಿಂದ ಪೈನನ್ನೂ ಸೇರಿಸಿತು. ಒಕ್ಕೂಟ ದೂರು ಕೊಟ್ಟಿತು. 2020ರ ಡಿಸೆಂಬರಿನಲ್ಲಿ ವ್ಯಾಜ್ಯ ತೀರ್ಮಾನಿಸುವ ಮಂಡಳಿ, ಈ ನಿಷೇಧ ಉಕ್ರೇನ್ ಮತ್ತು ಒಕ್ಕೂಟದ ನಡುವಿನ ಒಪ್ಪಂದಕ್ಕೆ ವಿರುದ್ಧ ಅಂತ ಹೇಳಿತು. 2022ರಲ್ಲಿ ಯುದ್ಧದ ಕಾರಣ ರಷ್ಯಾ, ಬೆಲಾರುಸ್ ಮರ ಒಕ್ಕೂಟಕ್ಕೆ ಬರುವುದೇ ನಿಂತಿತು, ಬರ್ಚ್ ಪ್ಲೈವುಡ್‌ಗೆ ದೊಡ್ಡ ಪೆಟ್ಟು ಬಿತ್ತು.

ನನ್ನ ಮನಸ್ಸು ತಮ್ಮ ಊರಲ್ಲೇ ಕೊಯ್ಯಬೇಕು ಅನ್ನುವವರ ಕಡೆಗೇ ಇದೆ. ಆದರೆ ಬರೀ ನಿಷೇಧದಿಂದ ಕಸುಬು ಬರುವುದಿಲ್ಲ ಅನ್ನೋದನ್ನೂ ಒಪ್ಪಬೇಕು. ಕೊರಿಚಾನಿಯಲ್ಲಿ ದಿಮ್ಮಿಯನ್ನು ಯಾರೂ ತಡೆದು ನಿಲ್ಲಿಸಲಿಲ್ಲ. ಅಲ್ಲೇ ಬಗ್ಗಿಸುವುದು ಬೇರೆ ಕಡೆಗಿಂತ ಲಾಭ ಅನ್ನಿಸಿದ್ದರಿಂದ ಮರ ಅಲ್ಲೇ ನಿಂತಿತು.

ಇದನ್ನು ಪೀಪಾಯಿ ಪಟ್ಟಿಯಲ್ಲಿ ಚೆನ್ನಾಗಿ ನೋಡಬಹುದು. ಯುರೋಪಿನ ಓಕ್‌ನ ಸೂಕ್ಷ್ಮ ಕೊಳವೆಗಳು ಅಮೆರಿಕದ ಬಿಳಿ ಓಕ್‌ನಷ್ಟು ಮುಚ್ಚಿಕೊಂಡಿರುವುದಿಲ್ಲ. ಅಡ್ಡಾದಿಡ್ಡಿ ಕೊಯ್ದರೆ ವೈನ್ ಜಿನುಗುತ್ತದೆ. ಅದಕ್ಕೇ ನಾರಿನ ಗುಂಟ ಸೀಳಬೇಕು, 500 ವರ್ಷದ ಹಿಂದಿನ ವಿಸ್ತುಲಾದವರ ಹಾಗೇ. ಸೀಳಿದ ಪಟ್ಟಿಗಳನ್ನು ಬಯಲಲ್ಲಿ ಗಾಳಿಯಾಡುವಂತೆ ಅಟ್ಟಿ ಕಟ್ಟಿ ಎರಡು, ಮೂರು ವರ್ಷ ಮಳೆ ಬಿಸಿಲಿಗೆ ಬಿಡುತ್ತಾರೆ. ಮೊದಲು ಜೇನುಬಣ್ಣ, ಆಮೇಲೆ ಬೂದು. ಮಳೆ ಬಂದಾಗ ಒಗರು ಇಳಿದು ಅಟ್ಟಿಯ ಬುಡದ ನೀರು ಕಂದಾಗುತ್ತದೆ. ಒಂದು ದಿಮ್ಮಿಯಲ್ಲಿ ಪಟ್ಟಿಯಾಗುವುದು ನಾಲ್ಕನೇ ಅಥವಾ ಐದನೇ ಒಂದು ಪಾಲು ಮಾತ್ರ. ಉಳಿದದ್ದು ಸಣ್ಣ ಹಲಗೆ, ಸೌದೆ, ಹೊಟ್ಟು ಆಗಿ ಆ ಊರಲ್ಲೇ ಉಳಿಯುತ್ತದೆ.

ಹಾಗಾಗಿ ಕೋಷ್ಟಕವನ್ನು ಮತ್ತೆ ತೆಗೆದಿದ್ದೇನೆ. ದಿಮ್ಮಿ ಇದ್ದರೆ ಇದ್ದಷ್ಟೇ, ಕೊಯ್ದ ಹಲಗೆಗೆ ಸುಮಾರು 2ರಿಂದ ಗುಣಿಸುತ್ತೇನೆ, ಪೀಪಾಯಿ ಪಟ್ಟಿಗೆ 4 ಅಥವಾ 5ರಿಂದ. ಹೀಗೆ ಮಾಡಿದರೆ ಎಲ್ಲವೂ ಕಾಡಿನಲ್ಲಿ ನಿಂತ ಮರದ ಲೆಕ್ಕಕ್ಕೆ ಬರುತ್ತವೆ. ಅದರ ಪಕ್ಕದಲ್ಲಿ ಹೊಸದಾಗಿ ಒಂದು ಕಲಂ ಸೇರಿಸಿದ್ದೇನೆ, ಮರ ಯಾವ ರೂಪದಲ್ಲಿ ಹೊರಟಿತು ಅಂತ. 1500ರ ಸುಮಾರಿನ ಗ್ಡಾನ್ಸ್ಕ್ ಸಾಲಿನಲ್ಲಿ ‘ಸೀಳಿದ ಹಲಗೆ’ ಅಂತ ಬರೆದೆ. 1700ರ ಕಪ್ಪು ಕಾಡಿಗೆ ‘ದಿಮ್ಮಿ’. 1880ರ ಮೊರಾವಿಯಾಕ್ಕೆ ‘ಕುರ್ಚಿ’. ಇವತ್ತಿನ ಫ್ರಾನ್ಸಿಗೆ ಎರಡು ಸಾಲು ಬೇಕಾಯಿತು. ಒಂದರಲ್ಲಿ ‘ಪೀಪಾಯಿ’, ಅದರ ಕೆಳಗೇ ಇನ್ನೊಂದರಲ್ಲಿ ‘ದಿಮ್ಮಿ’.